ಒಂದೇ ಮನೆಯಲ್ಲಿ 15 ಮತ್ತು 47: ಹದಿಹರೆಯದಿಂದ ನಡುವಯಸ್ಸಿನ ತನಕ, ಹೆಜ್ಜೆ ಹೆಜ್ಜೆಯಾಗಿ

ಮಾರ್ಚ್ ತಿಂಗಳು ಕೊಡಗಿನ ಮನೆಗಳಿಗೆ ಕಷ್ಟದ ತಿಂಗಳು. ರೊಬಸ್ಟಾ ಕಾಫಿಯ ಕೊಯ್ಲು ಇನ್ನೂ ಪೂರ್ತಿ ಮುಗಿದಿರುವುದಿಲ್ಲ. ಕಾಫಿ ಗಿಡ ಹೂ ಬಿಡಲು ಬೇಕಾದ ಹೂ ಮಳೆ ಬರುತ್ತದಾ, ಸ್ಪ್ರಿಂಕ್ಲರ್ ಹಾಕಿಸಬೇಕಾ ಎಂದು ಅಪ್ಪ ಆಕಾಶ ನೋಡುತ್ತಿರುತ್ತಾರೆ. ಮಗಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ. ಅಮ್ಮನಿಗೆ ರಾತ್ರಿ ನಿದ್ದೆಯಿಲ್ಲ, ಕೂತಲ್ಲೇ ಮೈ ಬಿಸಿಯಾಗಿ ಬೆವರು ಸುರಿಯುತ್ತದೆ. ಬೆಂಗಳೂರಿನಲ್ಲಿರುವ ಮಗ ಫೋನ್ ಮಾಡಿ, ಈ ಕೆಲಸ ಬಿಡ್ತೀನಿ ಅನ್ನುತ್ತಾನೆ. ಒಬ್ಬರು ಮಾತಾಡಿದರೆ ಇನ್ನೊಬ್ಬರು ಸಿಡುಕುತ್ತಾರೆ.

ಇವರಲ್ಲಿ ಯಾರೂ ಕೆಟ್ಟವರಲ್ಲ. ಎಲ್ಲರೂ ಒಟ್ಟಿಗೇ ಬದಲಾಗುತ್ತಿದ್ದಾರೆ, ಅಷ್ಟೇ. ಬೆಳೆಯುವುದು ಮಕ್ಕಳು ಮಾತ್ರ, ದೊಡ್ಡವರದ್ದು ಮುಗಿಯಿತು ಎಂದು ನಾವು ಅಂದುಕೊಂಡಿರುತ್ತೇವೆ. ಅದು ನಿಜವಲ್ಲ. ಹದಿಹರೆಯಕ್ಕೆ ಅದರದ್ದೇ ಕೆಲಸ ಇದೆ, ಯೌವನಕ್ಕೆ ಬೇರೆ, 50ಕ್ಕೆ ಇನ್ನೊಂದು. ಮನೆಯ ಜಗಳಗಳಲ್ಲಿ ಹೆಚ್ಚಿನವು ಈ ಕೆಲಸಗಳು ಒಂದಕ್ಕೊಂದು ಡಿಕ್ಕಿ ಹೊಡೆದಾಗ ಆಗುವಂಥವು. ಕೊಡಗಿನಲ್ಲಿ ಆ ಡಿಕ್ಕಿ ಬಹಳ ಸಲ ಒಂದೇ ಪ್ರಶ್ನೆಯ ಸುತ್ತ ಆಗುತ್ತದೆ: ಮುಂದೆ ತೋಟ ಯಾರು ನೋಡಿಕೊಳ್ಳುತ್ತಾರೆ? ಆ ಪ್ರಶ್ನೆಗೆ ಕೊನೆಯಲ್ಲಿ ಬರೋಣ. ಅದಕ್ಕಿಂತ ಮೊದಲು ಮಾಡಬೇಕಾದ ಕೆಲಸಗಳಿವೆ.

ಹೆಜ್ಜೆ 1: ಮನೆಯವರ ವಯಸ್ಸು ಒಂದು ಹಾಳೆಯಲ್ಲಿ ಬರೆಯಿರಿ

ಹೆಸರು, ಪಕ್ಕದಲ್ಲಿ ವಯಸ್ಸು. ಹೊರಗಡೆ ಓದುವ, ದುಡಿಯುವ ಮಕ್ಕಳನ್ನೂ ಸೇರಿಸಿ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 10ರಿಂದ 19 ವರ್ಷ ಹದಿಹರೆಯ. ಅಲ್ಲಿಂದ 40ರ ತನಕ ಯೌವನ. 40ರಿಂದ 60, 65ರ ತನಕ ನಡುವಯಸ್ಸು. ಈ ಗೆರೆಗಳು ಆಚೀಚೆ ಆಗುತ್ತವೆ. ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ 22ಕ್ಕೆ ಎರಡು ಮಕ್ಕಳ ತಾಯಿಯಾದವಳು ಮತ್ತು 27ಕ್ಕೂ ಪರೀಕ್ಷೆ ಬರೆಯುತ್ತಿರುವ ಹುಡುಗ ಒಂದೇ ಗೆರೆಯೊಳಗೆ ಇರುತ್ತಾರೆ, ಬದುಕು ಮಾತ್ರ ಬೇರೆ ಬೇರೆ.

ಮನುಷ್ಯನ ಬೆಳವಣಿಗೆ ಸಾಯುವ ತನಕ ನಡೆಯುತ್ತದೆ ಎಂದು ಗಟ್ಟಿಯಾಗಿ ಹೇಳಿದವರಲ್ಲಿ ಎರಿಕ್ ಎರಿಕ್ಸನ್ ಮುಖ್ಯರು. ಜರ್ಮನಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಮನಶ್ಶಾಸ್ತ್ರಜ್ಞ. ಬದುಕನ್ನು 8 ಹಂತ ಮಾಡಿದರು. ಅದರಲ್ಲಿ ನಮಗೆ ಬೇಕಾದ್ದು ಮೂರು. ಹದಿಹರೆಯದಲ್ಲಿ 'ನಾನು ಯಾರು?' ಎಂಬ ಪ್ರಶ್ನೆ. ಯೌವನದಲ್ಲಿ 'ಯಾರ ಜೊತೆ ಬದುಕಲಿ?' ನಡುವಯಸ್ಸಿನಲ್ಲಿ 'ನನ್ನ ನಂತರದವರಿಗೆ ನಾನೇನು ಮಾಡಿದೆ?' ಎರಿಕ್ಸನ್‌ಗೆ ತನ್ನ ಹೆತ್ತ ತಂದೆ ಯಾರೆಂದೇ ಗೊತ್ತಿರಲಿಲ್ಲ. ಆ ಹೆಸರನ್ನೂ ದೊಡ್ಡವರಾದ ಮೇಲೆ ತಾವೇ ಇಟ್ಟುಕೊಂಡದ್ದು. 'ನಾನು ಯಾರು' ಎಂಬುದು ಅವರಿಗೆ ಬರೀ ಪಾಠದ ವಿಷಯ ಆಗಿರಲಿಲ್ಲ.

ಈಗ ಹಾಳೆಯಲ್ಲಿ ಜೋಡಿಗಳನ್ನು ಹುಡುಕಿ. ಮೊದಲ ಮಗು 32ಕ್ಕೆ ಆಗಿದ್ದರೆ, ಆ ಮಗುವಿಗೆ 15 ಆದಾಗ ತಾಯಿಗೆ 47. ಮಗಳ ಹಾರ್ಮೋನ್ ಏರುವ ಹೊತ್ತಿಗೆ ಅಮ್ಮನದು ಇಳಿಯುತ್ತಿರುತ್ತದೆ. ಇಬ್ಬರಿಗೂ ನಿದ್ದೆ ಸರಿ ಇರುವುದಿಲ್ಲ, ಇಬ್ಬರಿಗೂ ಕೋಪ ಮೂಗಿನ ತುದಿಯಲ್ಲಿ. ಈ ಜೋಡಿ ನಿಮ್ಮ ಮನೆಯಲ್ಲಿದ್ದರೆ ಅದನ್ನು ಇಬ್ಬರಿಗೂ ಬಾಯಿ ಬಿಟ್ಟು ಹೇಳಿ. ಅರ್ಧ ಜಗಳ ಅಲ್ಲೇ ಕಡಿಮೆಯಾಗುತ್ತದೆ.

ಹೆಜ್ಜೆ 2: 10ರಿಂದ 14, ಮೈ ಬದಲಾಗುವ ಮೊದಲೇ ಹೇಳಿ

ಹುಡುಗಿಯರಲ್ಲಿ 8ರಿಂದ 13ರ ನಡುವೆ, ಹುಡುಗರಲ್ಲಿ 9ರಿಂದ 14ರ ನಡುವೆ ಬದಲಾವಣೆ ಶುರುವಾಗುತ್ತದೆ. ಆರನೇ, ಏಳನೇ ಕ್ಲಾಸಿನಲ್ಲಿ ಹುಡುಗಿಯರು ಒಮ್ಮೆಲೇ ಉದ್ದವಾಗಿ, ಹುಡುಗರು ಹಾಗೇ ಉಳಿದಿರುವುದು ಇದಕ್ಕೇ. ಹುಡುಗರ ಸರದಿ ಆಮೇಲೆ ಬರುತ್ತದೆ.

ಮುಟ್ಟಿನ ಬಗ್ಗೆ ಮೊದಲ ಮುಟ್ಟು ಆದ ಮೇಲೆ ಹೇಳಿದರೆ ತಡವಾಯಿತು. 9, 10ಕ್ಕೇ ಹೇಳಿ. ಹುಡುಗನಿಗೂ ಸ್ವಪ್ನಸ್ಖಲನ, ದನಿ ಒಡೆಯುವುದು, ಮೊಡವೆ ಇವೆಲ್ಲ ಮಾಮೂಲು ಎಂದು ಅಪ್ಪ ಹೇಳಬೇಕು. ಅಪ್ಪನಿಗೆ ನಾಚಿಕೆಯಾದರೆ ಮಾವ ಹೇಳಲಿ. ಯಾರೂ ಹೇಳದಿದ್ದರೆ ಮೊಬೈಲ್ ಹೇಳಿಕೊಡುತ್ತದೆ, ಅದು ಹೇಳಿಕೊಡುವ ರೀತಿ ನಿಮಗೂ ಗೊತ್ತು.

ವೈದ್ಯರನ್ನು ಕಾಣಬೇಕಾದ್ದು ಯಾವಾಗ? ಹುಡುಗಿಗೆ 8ಕ್ಕಿಂತ ಮೊದಲೇ ಎದೆ ಬೆಳೆಯಲು ಶುರುವಾದರೆ, 13 ಆದರೂ ಏನೂ ಬದಲಾವಣೆ ಕಾಣದಿದ್ದರೆ, 15 ಆದರೂ ಮುಟ್ಟಾಗದಿದ್ದರೆ. ಹುಡುಗನಿಗೆ 9ಕ್ಕಿಂತ ಮೊದಲೇ ಶುರುವಾದರೆ, 14 ದಾಟಿದರೂ ಶುರುವಾಗದಿದ್ದರೆ. ಇದರ ನಡುವೆ ಯಾವಾಗ ಆದರೂ ಸರಿಯೇ. ಪಕ್ಕದ ಮನೆಯ ಹುಡುಗಿಗೆ ಆಯಿತು, ನಮ್ಮವಳಿಗೆ ಆಗಿಲ್ಲ ಎಂದು ಹೋಲಿಸುವುದು ಬೇಡ.

ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿಸಲು 9ರಿಂದ 14 ಒಳ್ಳೆಯ ವಯಸ್ಸು. ವೈದ್ಯರ ಹತ್ತಿರ ಈಗಲೇ ಕೇಳಿ.

ರಕ್ತಹೀನತೆ ನೋಡಿಕೊಳ್ಳಿ. ಹದಿಹರೆಯದ ಹುಡುಗಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಸುಸ್ತು, ಓದಿನಲ್ಲಿ ಗಮನ ಇಲ್ಲದಿರುವುದು, ಮೆಟ್ಟಿಲು ಹತ್ತಿದರೆ ಏದುಸಿರು, ಇವೆಲ್ಲ ಸೋಮಾರಿತನದ ಹಾಗೆ ಕಾಣುತ್ತವೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣದ ಮಾತ್ರೆಯನ್ನು ಮಕ್ಕಳು ಬಿಸಾಡುತ್ತಾರಾ ನುಂಗುತ್ತಾರಾ ಕೇಳಿ. ಇನ್ನೊಂದು ಮಾತು ಕೊಡಗಿನವರಿಗೆ ಇಷ್ಟ ಆಗಲಿಕ್ಕಿಲ್ಲ. ಊಟದ ಜೊತೆಗೆ, ಊಟ ಆದ ಕೂಡಲೇ ಕಾಫಿ ಕುಡಿದರೆ ಊಟದಲ್ಲಿರುವ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹಿಡಿಯುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿಯಲಿ. ಕಾಫಿ ಬೆಳೆಯುವ ಊರಿನಲ್ಲಿ ಈ ನಿಯಮ ಪಾಲಿಸುವುದು ಕಷ್ಟ ಅಲ್ವಾ, ಆದರೂ ಮಕ್ಕಳ ಮಟ್ಟಿಗೆ ಪಾಲಿಸಿ.

ಅಮ್ಮನ ಹತ್ತಿರ, ಅಪ್ಪನ ಹತ್ತಿರ ಹೇಳಲಾಗದ ವಿಷಯ ಇದ್ದರೆ ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹಾ ಕ್ಲಿನಿಕ್‌ಗಳಿವೆ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಎಲ್ಲಿ, ಯಾವ ದಿನ ಎಂದು ಹೇಳುತ್ತಾರೆ.

ಹೆಜ್ಜೆ 3: 14ರಿಂದ 18, ನಿದ್ದೆ ಮತ್ತು ಬೈಕು

ಈ ವಯಸ್ಸಿನಲ್ಲಿ ನಿದ್ದೆ ತರಿಸುವ ಹಾರ್ಮೋನು ರಾತ್ರಿ ತಡವಾಗಿ ಏರುತ್ತದೆ. ಹಾಗಾಗಿ 11ರ ತನಕ ನಿದ್ದೆ ಬರುವುದಿಲ್ಲ, ಬೆಳಿಗ್ಗೆ ಏಳಲು ಆಗುವುದಿಲ್ಲ. ಮೈಗೆ ಬೇಕಾದ್ದು 8ರಿಂದ 10 ಗಂಟೆ. ಒಳ ಊರುಗಳ ಮಕ್ಕಳು ಮಡಿಕೇರಿಗೋ ವಿರಾಜಪೇಟೆಗೋ ಬೆಳಗಿನ ಬಸ್ಸು ಹಿಡಿಯಬೇಕು. ಅದಕ್ಕಾಗಿ ಕತ್ತಲಿರುವಾಗಲೇ ಎದ್ದು, ಆನೆ ಇದೆಯಾ ಎಂದು ನೋಡಿಕೊಂಡು ರಸ್ತೆಗೆ ಬರಬೇಕು. ಬಸ್ಸಿನ ಸಮಯ ನೀವು ಬದಲಾಯಿಸಲಾರಿರಿ. ಆದರೆ ಸಂಜೆ ಕಾಫಿ ನಿಲ್ಲಿಸಬಹುದು. ಮೊಬೈಲನ್ನು ರಾತ್ರಿ ಹೊರಗಿನ ಕೋಣೆಯಲ್ಲಿ ಚಾರ್ಜ್‌ಗೆ ಹಾಕಬಹುದು, ನಿಮ್ಮದನ್ನೂ ಸೇರಿಸಿ. ಭಾನುವಾರ ಒಂದೆರಡು ಗಂಟೆ ಜಾಸ್ತಿ ಮಲಗಿದರೆ ಬೈಯದೆ ಬಿಡಬಹುದು.

ಇನ್ನು ಅಪಾಯದ ವಿಷಯ. ಖುಷಿ, ಥ್ರಿಲ್ ಬೇಕೆನ್ನುವ ಮೆದುಳಿನ ಭಾಗ ಬೇಗ ಚುರುಕಾಗುತ್ತದೆ. 'ತಡಿ, ಯೋಚಿಸು' ಎನ್ನುವ ಮುಂಭಾಗ ಪೂರ್ತಿ ಬಲಿಯಲು ಸುಮಾರು 25 ವರ್ಷ ಬೇಕು. ಹುಡುಗನಿಗೆ ಬುದ್ಧಿ ಇಲ್ಲ ಎಂದಲ್ಲ. ಒಬ್ಬನೇ ಕೂತಾಗ ಅವನು ನಿಮ್ಮಷ್ಟೇ ಚೆನ್ನಾಗಿ ಯೋಚಿಸುತ್ತಾನೆ. ತೊಂದರೆ ಆಗುವುದು ಗೆಳೆಯರು ಜೊತೆಗಿದ್ದಾಗ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಲಾರೆನ್ಸ್ ಸ್ಟೈನ್‌ಬರ್ಗ್ ಮತ್ತು ಮಾರ್ಗೊ ಗಾರ್ಡ್‌ನರ್ 2005ರಲ್ಲಿ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಆಡಿಸಿ ನೋಡಿದರು. ಗೆಳೆಯರು ನೋಡುತ್ತಿದ್ದಾಗ ಹದಿಹರೆಯದವರು ಹೆಚ್ಚು ಅಪಾಯಕ್ಕೆ ಕೈ ಹಾಕಿದರು. ದೊಡ್ಡವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ.

ಹಾಗಾಗಿ 'ಹುಷಾರಾಗಿ ಓಡಿಸು' ಎಂಬ ಬುದ್ಧಿಮಾತಿನಿಂದ ಹೆಚ್ಚು ಪ್ರಯೋಜನ ಇಲ್ಲ. ಸಂದರ್ಭವನ್ನೇ ಬದಲಾಯಿಸಿ. 18 ತುಂಬುವ ತನಕ ಬೈಕಿನ ಕೀಲಿ ಕೈಗೆ ಸಿಗಬಾರದು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಅಪ್ರಾಪ್ತ ವಯಸ್ಸಿನವರು ಗಾಡಿ ಓಡಿಸಿ ಅಪರಾಧ ಆದರೆ ಪಾಲಕರಿಗೆ ಇಲ್ಲವೇ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದ ತನಕ ಜೈಲು ಆಗಬಹುದು. ಆ ಹುಡುಗನಿಗೆ 25 ವರ್ಷದ ತನಕ ಲೈಸೆನ್ಸ್ ಸಿಗುವುದಿಲ್ಲ. ಲೈಸೆನ್ಸ್ ಬಂದ ಮೇಲೂ ಮೊದಲ ವರ್ಷ ಮಳೆಗಾಲದಲ್ಲಿ ಸಂಪಾಜೆ ಘಾಟಿಯಲ್ಲಿ ಹಿಂದೆ ಗೆಳೆಯನನ್ನು ಕೂರಿಸಿಕೊಳ್ಳುವುದು ಬೇಡ ಎಂಬ ಒಂದೇ ಕರಾರು ಹಾಕಿ. ಜಲಪಾತದ ಪಾಚಿ ಕಟ್ಟಿದ ಬಂಡೆ, ಜುಲೈನ ಕಾವೇರಿ ನೀರು, ಇವಕ್ಕೂ ಹಾಗೆಯೇ. ಹತ್ತು ನಿಯಮ ಮಾಡಿದರೆ ಒಂದೂ ನಿಲ್ಲುವುದಿಲ್ಲ. ಎರಡು ಮಾಡಿ, ಗಟ್ಟಿಯಾಗಿ ಹಿಡಿಯಿರಿ.

ಕುಡಿತದ ಮಾತೂ ಇಲ್ಲೇ ಬರಬೇಕು. ನಮ್ಮಲ್ಲಿ ಮದುವೆ, ಹಬ್ಬ, ಊಟ ಅಂದರೆ ಗ್ಲಾಸ್ ಎದುರಿಗೇ ಇರುತ್ತದೆ. ಮಕ್ಕಳು ಅದನ್ನು ನೋಡಿಯೇ ಬೆಳೆಯುತ್ತಾರೆ. 'ಒಂದು ಗುಟುಕು ಕುಡಿ, ಗಂಡಸಾಗು' ಎನ್ನುವ ಚಿಕ್ಕಪ್ಪ ಪ್ರತಿ ಮನೆತನದಲ್ಲೂ ಒಬ್ಬರಿದ್ದಾರೆ. ಆ ಚಿಕ್ಕಪ್ಪನಿಗೆ ನೀವೇ, ಮಗನ ಎದುರಿಗೇ, 'ಬೇಡ' ಎನ್ನಿ. ಎಷ್ಟು ಚಿಕ್ಕ ವಯಸ್ಸಿಗೆ ಶುರು ಮಾಡುತ್ತಾರೋ ಮುಂದೆ ಚಟವಾಗುವ ಸಾಧ್ಯತೆ ಅಷ್ಟು ಜಾಸ್ತಿ.

ಹೆಜ್ಜೆ 4: 'ನಾನು ಯಾರು' ಎಂದು ಹುಡುಕಲು ಜಾಗ ಬಿಡಿ

ಈ ಹೆಜ್ಜೆಯಲ್ಲಿ ಅವಸರ ಬೇಡ. ಮುಂದಿನ 20 ವರ್ಷದ ನೆಮ್ಮದಿ ಇದರ ಮೇಲೆ ನಿಂತಿದೆ.

ಜೇಮ್ಸ್ ಮಾರ್ಸಿಯಾ ಎಂಬ ಮನಶ್ಶಾಸ್ತ್ರಜ್ಞ 1966ರಲ್ಲಿ ಒಂದು ಸರಳ ವಿಂಗಡಣೆ ಮಾಡಿದರು. ಎರಡೇ ಪ್ರಶ್ನೆ: ಹುಡುಕಿ ನೋಡಿದ್ದಾನಾ? ನಿರ್ಧಾರ ಮಾಡಿದ್ದಾನಾ? ಹುಡುಕಿಯೂ ಇಲ್ಲ, ನಿರ್ಧಾರವೂ ಇಲ್ಲ ಎನ್ನುವವರು ಕೆಲವರು. ಹುಡುಕುತ್ತಿದ್ದಾರೆ, ಇನ್ನೂ ನಿರ್ಧಾರ ಆಗಿಲ್ಲ ಎನ್ನುವವರು ಕೆಲವರು. ಹುಡುಕಿ ನೋಡಿ ನಿರ್ಧರಿಸಿದವರು ಕೆಲವರು. ನಾಲ್ಕನೆಯವರು ಹುಡುಕದೆಯೇ ನಿರ್ಧಾರ ಮಾಡಿದವರು. ನಿಜವಾಗಿ ಆ ನಿರ್ಧಾರ ಅವರದ್ದಲ್ಲ, ಮನೆಯದ್ದು.

ಕೊಡಗಿನಲ್ಲಿ ಈ ನಾಲ್ಕನೆಯ ಗುಂಪನ್ನು ನಾವು 'ಒಳ್ಳೆಯ ಮಕ್ಕಳು' ಎಂದು ಕರೆಯುತ್ತೇವೆ. ಅಜ್ಜ ಮಿಲಿಟರಿಯಲ್ಲಿದ್ದರು, ಅಪ್ಪನೂ ಇದ್ದರು, ಮಗನೂ ಹೋಗುತ್ತಾನೆ. ತೋಟ ಇದೆ, ಇನ್ನೇನು ಓದಬೇಕು? ಅಕ್ಕ ನರ್ಸಿಂಗ್ ಮಾಡಿದಳು, ತಂಗಿಯೂ ಮಾಡಲಿ. ಇದರಲ್ಲಿ ತಪ್ಪಿಲ್ಲ, ಆ ದಾರಿ ಅವರಿಗೆ ಹೊಂದಿದರೆ. ಹೊಂದದಿದ್ದರೆ ಪ್ರಶ್ನೆ 16ಕ್ಕೆ ಬರದೆ 38ಕ್ಕೆ ಬರುತ್ತದೆ. ಆಗ ಕೈಯಲ್ಲಿ ಸಾಲ ಇರುತ್ತದೆ, ಮಡಿಲಲ್ಲಿ ಮಕ್ಕಳಿರುತ್ತಾರೆ.

ಏನು ಮಾಡಬಹುದು? ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಒಂದೇ ವಾರದಲ್ಲಿ ಸೈನ್ಸಾ, ಕಾಮರ್ಸಾ ಎಂದು ನಿರ್ಧರಿಸಬೇಡಿ. ಒಂಬತ್ತನೇ ಕ್ಲಾಸಿನ ದಸರಾ ರಜೆಯಿಂದಲೇ ತೋರಿಸಲು ಶುರು ಮಾಡಿ. ಮಿಲಿಟರಿ ಇಷ್ಟ ಅನ್ನುವವನನ್ನು ಮಡಿಕೇರಿಯ ಸನ್ನಿಸೈಡ್‌ಗೆ, ಜನರಲ್ ತಿಮ್ಮಯ್ಯ ಅವರ ಮನೆಯಲ್ಲಿ ಮಾಡಿರುವ ಮ್ಯೂಸಿಯಂಗೆ, ಕರೆದುಕೊಂಡು ಹೋಗಿ. ಅಷ್ಟಕ್ಕೇ ನಿಲ್ಲಿಸಬೇಡಿ. ನಿವೃತ್ತರಾದ ಒಬ್ಬ ಸುಬೇದಾರರ ಹತ್ತಿರ ಕೂರಿಸಿ, ಗಡಿಯ ಚಳಿ, ರಜೆ ಸಿಗದ ಹಬ್ಬ ಎಲ್ಲವನ್ನೂ ಕೇಳಿಸಿ. ಗಿಡ ಮರ ಇಷ್ಟ ಅನ್ನುವವಳಿಗೆ ಪೊನ್ನಂಪೇಟೆಯ ಅರಣ್ಯ ಕಾಲೇಜು ಹತ್ತಿರದಲ್ಲೇ ಇದೆ. ಅಲ್ಲಿ ಏನು ಕಲಿಸುತ್ತಾರೆ ಎಂದು ಹೋಗಿ ನೋಡಿ ಬರಲಿ. ತೋಟವೇ ಸಾಕು ಎನ್ನುವವನಿಗೆ ಒಂದು ಕೊಯ್ಲಿನ ಲೆಕ್ಕ ಪೂರ್ತಿ ಬರೆಯಲು ಕೊಡಿ. ಆಳಿನ ಕೂಲಿ, ಗೊಬ್ಬರ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ನ ಡೀಸೆಲ್, ಕಣದಲ್ಲಿ ಮಳೆಗೆ ನೆನೆದು ಹಾಳಾದದ್ದು ಎಲ್ಲ ಅದರಲ್ಲಿ ಇರಲಿ.

ಮಕ್ಕಳು ಇಂದು ಒಂದು ಹೇಳಿ ನಾಳೆ ಇನ್ನೊಂದು ಹೇಳುತ್ತಾರೆ. ಹೇಳಲಿ. ಹುಡುಕುವುದು ಅಂದರೆ ಅದೇ. ಹನ್ನೊಂದು, ಹನ್ನೆರಡು ವರ್ಷದಿಂದ ಮಕ್ಕಳಿಗೆ 'ಹೀಗಾಗಿದ್ದರೆ?' ಎಂದು ಯೋಚಿಸುವ ಶಕ್ತಿ ಬರುತ್ತದೆ ಎಂದು ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ತೋರಿಸಿದ್ದರು. ಅದಕ್ಕೇ ಅವರು ದೇವರು, ಜಾತಿ, ಮನೆಯ ಕಟ್ಟುಪಾಡು ಎಲ್ಲವನ್ನೂ ಪ್ರಶ್ನಿಸುತ್ತಾರೆ. 'ಎದುರು ಮಾತಾಡ್ತಾಳೆ' ಎಂದು ಬೇಸರ ಮಾಡಿಕೊಳ್ಳಬೇಡಿ. ಅವಳು ನಿಮ್ಮ ಮುಂದೆ ವಾದ ಮಾಡಿ ಕಲಿಯುವುದು ಒಳ್ಳೆಯದು.

ಲೈನ್ ಮನೆಗಳ ಮಕ್ಕಳ, ಆದಿವಾಸಿಗಳ ಹಾಡಿಗಳ ಮಕ್ಕಳ ವಿಷಯ ಬೇರೆ. ಅವರಿಗೆ ಹುಡುಕಲು ಸಮಯವೇ ಸಿಗುವುದಿಲ್ಲ. ಕೊಯ್ಲಿನ ಸಮಯದಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳಲು ಶಾಲೆ ಬಿಡುವ ಹುಡುಗಿ ನಿಮ್ಮ ತೋಟದಲ್ಲೂ ಇರಬಹುದು. ನೀವು ತೋಟದ ಮಾಲೀಕರಾಗಿದ್ದರೆ ಈ ಮಾರ್ಗದರ್ಶಿಯಲ್ಲಿ ನಿಮ್ಮ ಪಾಲಿನ ಕೆಲಸ ಇದು: ನವೆಂಬರ್‌ನಿಂದ ಮಾರ್ಚ್ ತನಕ ಚಿಕ್ಕ ಮಕ್ಕಳನ್ನು ನೋಡಿಕೊಳ್ಳಲು ಒಬ್ಬರನ್ನು ನೇಮಿಸಿ, ಆ ಹುಡುಗಿ ಶಾಲೆಗೆ ಹೋಗಲಿ. ಹದಿಹರೆಯದಲ್ಲಿ ಮದುವೆಯ ಮಾತು ಬಂದರೆ ಹೆಣ್ಣಿಗೆ 18, ಗಂಡಿಗೆ 21 ತುಂಬದೆ ಕಾನೂನು ಒಪ್ಪುವುದಿಲ್ಲ. ಮಕ್ಕಳ ಸಹಾಯವಾಣಿ 1098.

ಹೆಜ್ಜೆ 5: 18ರಿಂದ 25, ಮೈಸೂರಿಗೋ ಬೆಂಗಳೂರಿಗೋ ಹೋದ ಮೇಲೆ

ದೊಡ್ಡವರೂ ಅಲ್ಲ, ಹುಡುಗರೂ ಅಲ್ಲ ಎನ್ನುವ ಈ ಅವಧಿಯನ್ನು ಬೇರೆಯೇ ಹಂತ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಜೆಫ್ರಿ ಆರ್ನೆಟ್ 2000ದಲ್ಲಿ ವಾದಿಸಿದರು. ನಮ್ಮ ಜಿಲ್ಲೆಯವರಿಗೆ ಇದು ಚೆನ್ನಾಗಿ ಅರ್ಥವಾಗಬೇಕು. ಪಿಯುಸಿ ಮುಗಿದ ಕೂಡಲೇ ಮಕ್ಕಳು ಮೈಸೂರು, ಮಂಗಳೂರು, ಬೆಂಗಳೂರು ಎಂದು ಹೊರಟುಬಿಡುತ್ತಾರೆ. ಮನೆ ಒಮ್ಮೆಲೇ ಖಾಲಿಯಾಗುತ್ತದೆ.

ಹೋಗುವ ಮೊದಲು ನಾಲ್ಕು ಕೆಲಸ ಕಲಿಸಿ: ಅನ್ನ ಸಾರು ಮಾಡುವುದು, ತಿಂಗಳ ಖರ್ಚು ಬರೆಯುವುದು, ಬ್ಯಾಂಕಿನ ಕೆಲಸ ತಾನೇ ಮಾಡುವುದು, ಜ್ವರ ಬಂದರೆ ಯಾವಾಗ ಆಸ್ಪತ್ರೆಗೆ ಹೋಗಬೇಕು ಎಂಬುದು. ಗಂಡು ಮಕ್ಕಳಿಗೆ ಮೊದಲನೆಯದನ್ನು ಖಂಡಿತ ಕಲಿಸಿ. ಫೋನು ದಿನಾ ಮಾಡಬೇಡಿ. ಮಾಡಿದಾಗ 'ಊಟ ಆಯ್ತಾ' ಎಂಬಲ್ಲಿಗೇ ಮುಗಿಸಬೇಡಿ.

ಮನಸ್ಸಿನ ಕಾಯಿಲೆಗಳಲ್ಲಿ ಬಹಳಷ್ಟು 25ಕ್ಕಿಂತ ಮೊದಲೇ ಶುರುವಾಗುತ್ತವೆ. ಎರಡು ವಾರಕ್ಕಿಂತ ಹೆಚ್ಚು ಬೇಸರ, ಊಟ ನಿದ್ದೆ ಕೆಡುವುದು, ಗೆಳೆಯರನ್ನು ದೂರ ಮಾಡುವುದು, ಯಾರೂ ಇಲ್ಲದಾಗ ದನಿ ಕೇಳುವುದು, ಎಲ್ಲರೂ ತನ್ನ ವಿರುದ್ಧ ಎನ್ನುವುದು, 'ನಾನಿದ್ದು ಏನು ಪ್ರಯೋಜನ' ಎಂಬ ಮಾತು. ಇವುಗಳಲ್ಲಿ ಒಂದು ಕಂಡರೂ 'ಪ್ರೀತಿ ಗೀತಿ ಇರಬೇಕು, ಸರಿ ಹೋಗುತ್ತೆ' ಎಂದು ಬಿಡಬೇಡಿ. ಟೆಲಿ ಮನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಇದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ.

ಇಲ್ಲಿ ಕೊಡಗಿಗೇ ಸೇರಿದ ಒಂದು ಮಾತು. ನಮ್ಮ ಬಹಳ ಮನೆಗಳಲ್ಲಿ ಕೋವಿ ಇದೆ. ಕೊಡವರಿಗೆ, ಜಮ್ಮಾ ಎಂಬ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೆ ಅದಕ್ಕೆ ಲೈಸೆನ್ಸಿನಿಂದ ವಿನಾಯಿತಿಯೂ ಇದೆ. ಅದು ನಮ್ಮ ಹೆಮ್ಮೆ, ಸರಿ. ಆದರೆ ಕೋವಿ ಒಂದು ಕಡೆ, ಕಾಡತೂಸು ಇನ್ನೊಂದು ಕಡೆ, ಎರಡಕ್ಕೂ ಬೇರೆ ಬೇರೆ ಬೀಗ ಇರಲಿ. ತೋಟಕ್ಕೆ ತಂದ ಕೀಟನಾಶಕವೂ ಬೀಗದೊಳಗೆ ಇರಲಿ. ಮನೆಯಲ್ಲಿ ಯಾರಾದರೂ ಮನಸ್ಸು ಕೆಡಿಸಿಕೊಂಡಿದ್ದರೆ, 17ರ ಮಗನಾಗಲಿ, 52ರ ಅಪ್ಪನಾಗಲಿ, ಕೋವಿಯ ವಿಷಯದಲ್ಲಿ ಅಂದೇ ಪೊಲೀಸ್ ಠಾಣೆಯನ್ನೋ ನಂಬಿಕೆಯ ಹಿರಿಯರನ್ನೋ ಕೇಳಿ, ಸ್ವಲ್ಪ ಕಾಲ ಮನೆಯಿಂದ ಹೊರಗಿಡಿ. ಕೆಟ್ಟ ಗಳಿಗೆ ಬಹಳ ಸಲ ಸ್ವಲ್ಪ ಹೊತ್ತಿನದು. ಆ ಹೊತ್ತಿನಲ್ಲಿ ಕೈಗೆ ಏನು ಸಿಗುತ್ತದೆ ಎಂಬುದೇ ಮುಖ್ಯವಾಗುತ್ತದೆ.

ಹೆಜ್ಜೆ 6: 25ರಿಂದ 40, ಚಿಕ್ಕ ಟಿಪ್ಪಣಿ

ಈ ವಯಸ್ಸಿನವರಿಗೆ ಲೇಖನ ಓದಲೂ ಪುರುಸೊತ್ತಿಲ್ಲ, ಆದ್ದರಿಂದ ಬೇಗ ಹೇಳುತ್ತೇನೆ. ಮೂಳೆ ಗಟ್ಟಿಯಾಗುವುದು ಸುಮಾರು 30ರ ತನಕ ಮಾತ್ರ, ಆಮೇಲೆ ಇದ್ದದ್ದನ್ನು ಉಳಿಸಿಕೊಳ್ಳುವ ಕೆಲಸ. ಮಗು ಬೇಕೆಂದಿದ್ದರೆ ಹೆಣ್ಣಿನಲ್ಲಿ 35ರ ಆಸುಪಾಸಿನಿಂದ ಗರ್ಭ ನಿಲ್ಲುವ ಸಾಧ್ಯತೆ ಇಳಿಯುತ್ತದೆ, ಅದು ಲೆಕ್ಕದಲ್ಲಿರಲಿ. ಹೆರಿಗೆಯಾದ ಮೇಲೆ ತಾಯಿ ವಾರಗಟ್ಟಲೆ ಅಳುತ್ತಿದ್ದರೆ ಅದು ದೃಷ್ಟಿ ಅಲ್ಲ, ಖಿನ್ನತೆ ಇರಬಹುದು. ವೈದ್ಯರಿಗೆ ತೋರಿಸಿ.

30 ತುಂಬಿದ ಮೇಲೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ಉಚಿತವಾಗಿ ನೋಡುತ್ತಾರೆ. ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆಯೂ ಇದೆ. ಎಲೆ ಅಡಿಕೆ, ಹೊಗೆಸೊಪ್ಪು, ಗುಟ್ಕಾ ಹಾಕುವವರು ಬಾಯಿಯ ತಪಾಸಣೆ ಬಿಡಲೇಬಾರದು.

ಹೆಜ್ಜೆ 7: 40 ದಾಟಿದ ಮೈ

ಮೊದಲು ಗೊತ್ತಾಗುವುದು ಕಣ್ಣಿನಿಂದ. ಪತ್ರಿಕೆಯನ್ನು ಕೈ ಚಾಚಿ ದೂರ ಹಿಡಿದು ಓದುತ್ತೀರಿ. ಚಾಳೀಸು ಬಂತು. ನಾಚಿಕೊಳ್ಳಬೇಡಿ, ಕನ್ನಡಕ ಹಾಕಿಸಿ. ಕೀಟನಾಶಕದ ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಲಾಗದೆ ಅಳತೆ ತಪ್ಪುವುದು ಅಪಾಯ.

ಆಮೇಲೆ ಸ್ನಾಯು. 30ರ ನಂತರ ಪ್ರತಿ 10 ವರ್ಷಕ್ಕೆ ಶೇ 3ರಿಂದ 8ರಷ್ಟು ಕರಗುತ್ತಾ ಹೋಗುತ್ತದೆ. ತೋಟದಲ್ಲಿ ಓಡಾಡುತ್ತೇವಲ್ಲ ಎನ್ನುತ್ತೀರಿ. ಜೀಪಿನಲ್ಲಿ ಕೂತು ಆಳುಗಳಿಗೆ ಹೇಳುವುದು ಓಡಾಟ ಅಲ್ಲ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಬೇಕು, ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಭಾರ ಬೀಳುವ ವ್ಯಾಯಾಮ. ಕಾಳುಮೆಣಸು ಕೊಯ್ಯಲು ಏಣಿ ಹತ್ತುವುದನ್ನು 50ರ ನಂತರ ಬೇರೆಯವರಿಗೆ ಬಿಡಿ. ಸಮತೋಲನ ಮೊದಲಿನಂತೆ ಇರುವುದಿಲ್ಲ. ಹತ್ತಲೇಬೇಕು ಎಂದರೆ ಕೆಳಗೆ ಒಬ್ಬರು ಏಣಿ ಹಿಡಿದಿರಲಿ.

ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಖಾಲಿ ಹೊಟ್ಟೆಯ ಶುಗರ್ 100ರಿಂದ 125 ಇದ್ದರೆ ಎಚ್ಚರಿಕೆ, 126ಕ್ಕೆ ಮುಟ್ಟಿದರೆ ಮತ್ತೊಮ್ಮೆ ಪರೀಕ್ಷಿಸಿ ವೈದ್ಯರು ಮಧುಮೇಹ ಎಂದು ಖಚಿತ ಮಾಡುತ್ತಾರೆ. ಬಿಪಿ 140/90 ಮೇಲೆ ಪದೇ ಪದೇ ಬಂದರೆ ಚಿಕಿತ್ಸೆ ಬೇಕು. ಹಂದಿ ಕರಿ, ಕಡಂಬುಟ್ಟು ಬಿಡಿ ಎಂದು ನಾನು ಹೇಳಿದರೆ ನೀವು ಓದುವುದನ್ನೇ ಬಿಡುತ್ತೀರಿ. ಹಬ್ಬಕ್ಕೆ ತಿನ್ನಿ. ವಾರಕ್ಕೆ ಮೂರು ಸಲ ಹಬ್ಬ ಮಾಡಬೇಡಿ.

ಹೆಂಗಸರಿಗೆ ಇದೇ ಹೊತ್ತಿಗೆ ಮುಟ್ಟು ನಿಲ್ಲುವ ಕಾಲ. ಭಾರತದಲ್ಲಿ ಸರಾಸರಿ 46, 47ಕ್ಕೆ. ಅದಕ್ಕೂ ಕೆಲವು ವರ್ಷ ಮೊದಲೇ ಮುಟ್ಟು ಏರುಪೇರಾಗುತ್ತದೆ, ಮೈ ಒಮ್ಮೆಲೇ ಬಿಸಿಯಾಗುತ್ತದೆ, ನಿದ್ದೆ ಹಾರಿ ಹೋಗುತ್ತದೆ, ಮರೆವು, ಅಳು, ಸಿಟ್ಟು ಬರುತ್ತವೆ. 12 ತಿಂಗಳು ಸತತ ಮುಟ್ಟಾಗದಿದ್ದರೆ ನಿಂತಿದೆ ಎಂದರ್ಥ. ಅಲ್ಲಿಯ ತನಕ ಗರ್ಭ ನಿಲ್ಲಬಹುದು, ಎಚ್ಚರ ಇರಲಿ. ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡದೆ ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ. ವಿಪರೀತ ತೊಂದರೆ ಇದ್ದರೆ ಚಿಕಿತ್ಸೆ ಇದೆ, ಸಹಿಸಿಕೊಂಡೇ ಇರಬೇಕಾಗಿಲ್ಲ. ಗಂಡಂದಿರೇ, 'ಅವಳಿಗೆ ಈಚೆಗೆ ಏನಾಗಿದೆಯೋ' ಎಂದು ಅಕ್ಕನ ಹತ್ತಿರ ಹೇಳುವ ಬದಲು ಹೆಂಡತಿಯನ್ನೇ ಕೇಳಿ.

ಹೆಜ್ಜೆ 8: ನಡುವಯಸ್ಸಿನಲ್ಲಿ ಏರುವುದನ್ನೂ ಲೆಕ್ಕಕ್ಕೆ ಹಿಡಿಯಿರಿ

ಎಲ್ಲವೂ ಇಳಿಯುವುದಿಲ್ಲ. ವಾರ್ನರ್ ಶೈ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಸಿಯಾಟಲ್‌ನಲ್ಲಿ 1956ರಿಂದ ಜನರ ಬುದ್ಧಿಶಕ್ತಿಯನ್ನು 7 ವರ್ಷಕ್ಕೊಮ್ಮೆ ಅಳೆಯುತ್ತಾ ಬಂದರು. ಥಟ್ಟನೆ ಗುರುತಿಸುವ ವೇಗ ಚಿಕ್ಕ ವಯಸ್ಸಿನಿಂದಲೇ ಇಳಿಯುತ್ತದೆ. ಆದರೆ ಪದಸಂಪತ್ತು, ತರ್ಕ ಮಾಡಿ ಬಿಡಿಸುವ ಶಕ್ತಿ ನಡುವಯಸ್ಸಿನಲ್ಲೇ ಉತ್ತುಂಗದಲ್ಲಿರುತ್ತದೆ. ಹೊಸ ಆಪ್ ಮಗನಿಗೆ ಬೇಗ ಬರುತ್ತದೆ. ಮೋಡ ನೋಡಿ ಇವತ್ತು ಕಾಫಿ ಕಣದಲ್ಲಿ ಹರವಬೇಕಾ ಬೇಡವಾ ಎನ್ನುವುದು ನಿಮಗೇ ಗೊತ್ತಾಗುವುದು.

ನಮ್ಮವರದ್ದೇ ಉದಾಹರಣೆ ಬೇಕೆಂದರೆ ಟೆನಿಸ್ ಆಟಗಾರ ರೋಹನ್ ಬೋಪಣ್ಣ. 1980ರಲ್ಲಿ ಹುಟ್ಟಿದವರು. 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡನ್ ಜೊತೆಗೂಡಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದರು. ಡಬಲ್ಸ್‌ನಲ್ಲಿ ವಿಶ್ವದ ನಂಬರ್ 1 ಸ್ಥಾನಕ್ಕೇರಿದ ಅತಿ ಹಿರಿಯ ಆಟಗಾರರಾದರು. ಮಂಡಿ ಸವೆದಿತ್ತು, ಯೋಗ ಸಹಾಯ ಮಾಡಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಗಮನಿಸಿ, ಗೆದ್ದದ್ದು ಡಬಲ್ಸ್‌ನಲ್ಲಿ. ಕಾಲು ಕಡಿಮೆ ಓಡಿದರೂ ಕಣ್ಣು ಮತ್ತು ಅನುಭವ ಕೆಲಸ ಮಾಡುವ ಆಟ ಅದು. 40ರ ನಂತರ ನಿಮಗೂ ಅಂಥ ಆಟ ಯಾವುದು ಎಂದು ಯೋಚಿಸಿ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದದ್ದು 1949ರ ಜನವರಿ 15ರಂದು, 50ರ ಹೊಸ್ತಿಲಲ್ಲಿ.

'ಮಿಡ್‌ಲೈಫ್ ಕ್ರೈಸಿಸ್', ಅಂದರೆ ನಡುವಯಸ್ಸಿನ ಬಿಕ್ಕಟ್ಟು, ಎಂಬ ಮಾತು 1965ರಲ್ಲಿ ಮನೋವಿಶ್ಲೇಷಕ ಎಲಿಯಟ್ ಜಾಕ್ಸ್ ಅವರಿಂದ ಬಂತು. ಅದು ಎಲ್ಲರಿಗೂ ಬರುವುದಿಲ್ಲ. ಹೆಚ್ಚಿನವರಿಗೆ ಬರುವುದು ಒತ್ತಡ. ಮೇಲೆ ವಯಸ್ಸಾದ ಅಪ್ಪ ಅಮ್ಮ, ಕೆಳಗೆ ಓದುವ ಮಕ್ಕಳು, ನಡುವೆ ಬ್ಯಾಂಕಿನ ಸಾಲ. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಮನೆ ತೋಟ ಕಳೆದುಕೊಂಡವರು 45, 50ರ ವಯಸ್ಸಿನಲ್ಲಿ ಎಲ್ಲವನ್ನೂ ಮೊದಲಿನಿಂದ ಕಟ್ಟಬೇಕಾಯಿತು. ಅಂಥವರಿಗೆ ಮಳೆ ಜೋರಾದ ಕೂಡಲೇ ಎದೆ ಡವಗುಟ್ಟುವುದು, ನಿದ್ದೆ ಬಾರದಿರುವುದು ಹೇಡಿತನವಲ್ಲ. ಟೆಲಿ ಮನಸ್‌ನ 14416 ಅವರಿಗೂ ಇದೆ.

ಗೆಳೆತನ ಕಳೆದುಕೊಳ್ಳಬೇಡಿ. ಹಾರ್ವರ್ಡ್‌ನವರು 1938ರಿಂದ ಜನರ ಬದುಕನ್ನು ಹಿಂಬಾಲಿಸಿ ನಡೆಸುತ್ತಿರುವ ಅಧ್ಯಯನದಲ್ಲಿ, ಮುಪ್ಪಿನಲ್ಲಿ ಆರೋಗ್ಯವಾಗಿ, ಖುಷಿಯಾಗಿ ಇದ್ದವರು ನಡುವಯಸ್ಸಿನಲ್ಲಿ ಒಳ್ಳೆಯ ಸಂಬಂಧ ಇಟ್ಟುಕೊಂಡಿದ್ದವರು. ಈ ವಿಷಯದಲ್ಲಿ ನಮಗೆ ಒಂದು ಅನುಕೂಲ ಇದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಯಲ್ಲಿ ಅಪ್ಪ, ಮಗಳು, ದೊಡ್ಡಪ್ಪ ಒಂದೇ ತಂಡದಲ್ಲಿ ಆಡುತ್ತಾರೆ. 16ರ ಹುಡುಗಿ 50ರ ದೊಡ್ಡಪ್ಪನಿಗೆ 'ಪಾಸ್ ಕೊಡಿ' ಎಂದು ಕಿರುಚಬಹುದಾದ ಜಾಗ ಬೇರೆ ಎಲ್ಲಿದೆ? ನಿಮ್ಮ ಸಮುದಾಯದಲ್ಲಿ ಕ್ರಿಕೆಟ್ಟೋ ಹಗ್ಗಜಗ್ಗಾಟವೋ ಇದ್ದರೆ ಅದಕ್ಕೆ ಸೇರಿ. ಬರೀ ಊಟಕ್ಕೆ ಹೋಗಿ ಬರಬೇಡಿ.

ಹೆಜ್ಜೆ 9: ತೋಟದ ಮಾತು

ಈಗ ಆ ಪ್ರಶ್ನೆ. ಇದನ್ನು ಮಾರ್ಚ್‌ನಲ್ಲಿ ಎತ್ತಬೇಡಿ, ಹಬ್ಬದ ದಿನ ನೆಂಟರ ಎದುರು ಎತ್ತಬೇಡಿ, ಕುಡಿದಾಗಂತೂ ಬೇಡವೇ ಬೇಡ. ಕಕ್ಕಡದ (ಜುಲೈ, ಆಗಸ್ಟ್ ನಡುವಿನ ಕೊಡವ ತಿಂಗಳು) ಮಳೆ ಒಳ್ಳೆಯ ಸಮಯ. ತೋಟದಲ್ಲಿ ಕೆಲಸ ಕಡಿಮೆ, ಕರೆಂಟ್ ಇರುವುದಿಲ್ಲ, ಮಕ್ಕಳು ರಜೆಗೆ ಬಂದಿದ್ದರೆ ಒಳಗೇ ಕೂತಿರುತ್ತಾರೆ.

ಮೊದಲು ನಡುವಯಸ್ಸಿನವರು ತಮ್ಮೊಳಗೆ ಒಂದು ವಿಷಯ ಬಗೆಹರಿಸಿಕೊಳ್ಳಬೇಕು. ನಿಮಗೆ ಬೇಕಾದ್ದು ತೋಟ ನೋಡಿಕೊಳ್ಳುವ ಕೈಯಾ, ಅಥವಾ ನಿಮ್ಮ ದುಡಿಮೆ ವ್ಯರ್ಥ ಆಗಲಿಲ್ಲ ಎಂಬ ಸಮಾಧಾನವಾ? ಎರಡೂ ಬೇರೆ. ಮೊದಲನೆಯದಕ್ಕೆ ಮ್ಯಾನೇಜರ್ ಸಿಗುತ್ತಾರೆ, ಗುತ್ತಿಗೆ ಇದೆ, ತಮ್ಮನ ಮಗ ಇದ್ದಾನೆ. ಎರಡನೆಯದನ್ನು ಮಗನೇ ತುಂಬಿಕೊಡಬೇಕು ಎಂದು ಹಟ ಹಿಡಿದರೆ ಅವನು ಸಿಕ್ಕಿಬೀಳುತ್ತಾನೆ. ಎರಿಕ್ಸನ್ ಹೇಳಿದ 'ಮುಂದಿನವರಿಗೆ' ಎಂಬುದರಲ್ಲಿ ಹೆತ್ತ ಮಕ್ಕಳು ಮಾತ್ರ ಇರಲಿಲ್ಲ. ಊರಿನ ಶಾಲೆಯ ಮಕ್ಕಳಿಗೆ ಹಾಕಿ ಕಲಿಸಬಹುದು, ಲೈನ್ ಮನೆಯ ಹುಡುಗನಿಗೆ ಗಿಡಗಳ ಪಾಠ ಹೇಳಿಕೊಡಬಹುದು.

ಮಾತು ಶುರು ಮಾಡುವಾಗ ಮಕ್ಕಳಿಗೆ ಮೊದಲು ಬಿಡಿ. 'ಅಪ್ಪ, ತೋಟ ಬೇಡ ಅಂತಲ್ಲ, ಈಗ ಬೇಡ' ಎಂದು 24ರ ಮಗ ಹೇಳಿದರೆ ಅದನ್ನು 'ಬೇಡ' ಎಂದು ಕೇಳಿಸಿಕೊಳ್ಳಬೇಡಿ. 'ಹಾಗಾದ್ರೆ ಯಾವಾಗ ಮಗ?' ಎಂದು ಕೇಳಿ, ಸುಮ್ನೆ ಕಾಯಿರಿ. ಐದು ವರ್ಷ ಎಂದರೆ ಐದು ವರ್ಷ. ಅಲ್ಲಿಯ ತನಕ ಕೊಯ್ಲಿಗೆ ಎಷ್ಟು ದಿನ ಬರುತ್ತಾನೆ, ಲೆಕ್ಕ ಯಾರು ನೋಡುತ್ತಾರೆ, ಸಾಲದಲ್ಲಿ ಅವನ ಪಾಲು ಇದೆಯಾ ಎಂದು ಮಾತಾಡಿ. ಮಕ್ಕಳೇ, ನೀವೂ ಕೇಳಿಸಿಕೊಳ್ಳಿ: ಮಾರಿ ಬೆಂಗಳೂರಿಗೆ ಬನ್ನಿ ಎಂದು 55ರ ಅಪ್ಪನಿಗೆ ಹೇಳುವುದು ಸುಲಭ. ಅವರ ಗೆಳೆಯರು, ದೇವಸ್ಥಾನ, ಬೆಳಗಿನ ತಿರುಗಾಟ ಎಲ್ಲ ಇಲ್ಲಿದೆ. ಅದನ್ನು ಅಪಾರ್ಟ್‌ಮೆಂಟಿಗೆ ಸಾಗಿಸಲಾಗುವುದಿಲ್ಲ.

ಮಗಳನ್ನೂ ಕೂರಿಸಿ. ಬಹಳ ಮನೆಗಳಲ್ಲಿ ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳುವುದೇ ಇಲ್ಲ, ಕೇಳಿದರೆ ಹೌದು ಎನ್ನುವವಳು ಅವಳೇ ಆಗಿರಬಹುದು. ಮಾತು ಮುಗಿದ ಮೇಲೆ ಒಪ್ಪಿದ್ದನ್ನು ಒಂದು ಪುಟದಲ್ಲಿ ಬರೆದು ತಾರೀಖು ಹಾಕಿ, ಮುಂದಿನ ಕಕ್ಕಡಕ್ಕೆ ಮತ್ತೆ ತೆರೆದು ನೋಡಿ. ಜಮ್ಮಾ ಜಾಗ, ಒಕ್ಕದ (ಕೊಡವ ಮನೆತನದ) ಆಸ್ತಿ, ಪಾಲಾಗದ ಪಟ್ಟೆ ಇದ್ದರೆ ಅದು ಮನೆಮಾತಿನಲ್ಲಿ ಬಗೆಹರಿಯುವುದಿಲ್ಲ. ಕಾಗದಗಳನ್ನು ಒಟ್ಟು ಮಾಡಿಕೊಂಡು, ಅಜ್ಜ ಇರುವಾಗಲೇ, ಕೊಡಗಿನ ಭೂದಾಖಲೆ ತಿಳಿದ ವಕೀಲರ ಹತ್ತಿರ ಎಲ್ಲರೂ ಸೇರಿ ಹೋಗಿ.